ಮಗುವಿಗೊಂದು ಜಡೆ ಡಿಸೈನಿನ ಸ್ವೆಟರ್: ಅಳತೆಯಿಂದ ಕೊನೆಯ ಹೊಲಿಗೆಯವರೆಗೆ

ಕೇಬಲ್ ಡಿಸೈನ್ (ಜಡೆ, ಹಗ್ಗದ ಹಾಗೆ ತಿರುಚಿಕೊಂಡ ಹೆಣಿಗೆ) ನೋಡಿದ ತಕ್ಷಣ "ಅಯ್ಯೋ, ಇದು ನನ್ನ ಕೈಲಿ ಆಗೋದಲ್ಲ" ಅನ್ನುವವರೇ ಜಾಸ್ತಿ. ನಿಜ ಹೇಳಬೇಕೆಂದರೆ ಕೇಬಲ್ ಹಾಕುವುದು ಬಹಳ ಸುಲಭ. ಮೂರು ಕುಣಿಕೆಯನ್ನು ಪಕ್ಕಕ್ಕಿಟ್ಟು ಮುಂದಿನ ಮೂರನ್ನು ಮೊದಲು ಹೆಣೆಯುತ್ತೀರಿ. ಪಕ್ಕಕ್ಕಿಟ್ಟ ಮೂರನ್ನು ಆಮೇಲೆ ಹೆಣೆಯುತ್ತೀರಿ. ಅಷ್ಟೇ. ಸ್ವೆಟರ್ ಕೈಕೊಡುವುದು ಬೇರೆ ಎರಡು ಕಡೆ. ಕೇಬಲ್ ಬಟ್ಟೆಯ ಅಗಲವನ್ನು ಒಳಗೆಳೆದುಕೊಳ್ಳುತ್ತದೆ ಅನ್ನುವುದು ಲೆಕ್ಕಕ್ಕೆ ಬರದಿದ್ದರೆ ಮೈ ಬಿಗಿಯಾಗುತ್ತದೆ. ಮಕ್ಕಳ ತಲೆ ಮೈಗಿಂತ ಎಷ್ಟು ದೊಡ್ಡದು ಅನ್ನುವುದು ಮರೆತುಹೋದರೆ ಕತ್ತು ತೂರುವುದಿಲ್ಲ. ಈ ಎರಡು ಲೆಕ್ಕ ಸರಿ ಇದ್ದರೆ ಮಿಕ್ಕಿದ್ದು ತಾಳ್ಮೆಯ ಕೆಲಸ.

ಇಲ್ಲಿ ಹೇಳುತ್ತಿರುವುದು 4-5 ವರ್ಷದ ಮಗುವಿನ, ತಲೆಯ ಮೇಲಿಂದ ಹಾಕುವ ತುಂಬುತೋಳಿನ ಸ್ವೆಟರ್. ಹಿಂಭಾಗ, ಮುಂಭಾಗ, ಎರಡು ತೋಳು ಬೇರೆ ಬೇರೆ ಹೆಣೆದು ಕೊನೆಗೆ ಹೊಲಿದು ಜೋಡಿಸುವ ವಿಧಾನ. ನೇರ ಕಡ್ಡಿಗಳೇ ಸಾಕು. ನಿಮಗೆ ಕುಣಿಕೆ ಹಾಕುವುದು, ಸೀದಾ, ಉಲ್ಟಾ, ಕುಣಿಕೆ ಮುಚ್ಚುವುದು ಬಂದರೆ ಶುರು ಮಾಡಬಹುದು.

ಮೊದಲು ಟೇಪು

ಮಗುವಿನ ಎದೆ ಸುತ್ತಳತೆ ತೆಗೆದುಕೊಳ್ಳಿ, ಕಂಕುಳ ಕೆಳಗೆ ಟೇಪು ಸುತ್ತಿ. ಈ ವಯಸ್ಸಿಗೆ ಸಾಮಾನ್ಯವಾಗಿ 58 ಸೆಂ.ಮೀ. ಆಸುಪಾಸು ಬರುತ್ತದೆ. ಸ್ವೆಟರ್ ಅಷ್ಟೇ ಅಳತೆಗೆ ಹೆಣೆದರೆ ಒಳಗೆ ಅಂಗಿ ಹಿಡಿಸುವುದಿಲ್ಲ, ಮಗು ಕೈ ಎತ್ತಿದರೆ ಹೊಟ್ಟೆ ಕಾಣುತ್ತದೆ. 10-11 ಸೆಂ.ಮೀ. ಸಡಿಲ ಬೇಕು. ನಾವು ಹೆಣೆಯುವುದು ಸುಮಾರು 69 ಸೆಂ.ಮೀ. ಸುತ್ತಳತೆಗೆ, 40 ಸೆಂ.ಮೀ. ಉದ್ದಕ್ಕೆ.

ಮಗು ಹತ್ತಿರ ಇಲ್ಲದಿದ್ದರೆ? ಮೊಮ್ಮಗು ಟೊರೊಂಟೊದಲ್ಲೋ ಡಲ್ಲಾಸ್‌ನಲ್ಲೋ ಇದ್ದು, ಅಜ್ಜಿ ಮೈಸೂರಲ್ಲಿ ಕೂತು ಹೆಣೆಯುವ ಮನೆಗಳು ಎಷ್ಟಿಲ್ಲ? ಆಗ "ಮಗು ಎಷ್ಟು ಉದ್ದ ಇದೆ" ಅಂತ ಕೇಳಬೇಡಿ. ಈಗ ಸರಿಯಾಗಿ ಹಿಡಿಸುವ ಒಂದು ಸ್ವೆಟರನ್ನು ನೆಲದ ಮೇಲೆ ಹರಡಿ, ಅಗಲ, ಉದ್ದ, ತೋಳಿನ ಉದ್ದ ಅಳೆದು ಫೋಟೋ ಕಳಿಸಲು ಹೇಳಿ. ಜೊತೆಗೆ ತಲೆಯ ಸುತ್ತಳತೆಯನ್ನೂ ಕೇಳಿ. ಯಾರೂ ಕೇಳದ ಅಳತೆ ಅದು, ಆದರೆ ಬೇಕೇ ಬೇಕು. ನಾಲ್ಕು ವರ್ಷದ ಮಗುವಿಗೆ ತಲೆ 50-51 ಸೆಂ.ಮೀ. ಇರುತ್ತದೆ. ಎದೆ 58, ತಲೆ 51. ಅಂತರ ಎಷ್ಟು ಕಡಿಮೆ ನೋಡಿ.

ಉಲ್ಲನ್, ಕಡ್ಡಿ

ಬೇಕಾದದ್ದು 4 ಮಿ.ಮೀ. ಕಡ್ಡಿಗೆ ಹೊಂದುವ ಮಧ್ಯಮ ದಪ್ಪದ ದಾರ. ವಿದೇಶದ ಲೇಬಲ್‌ಗಳಲ್ಲಿ ಇದನ್ನು ಡಿಕೆ (ಡಬಲ್ ನಿಟಿಂಗ್) ಅಂತ ಬರೆದಿರುತ್ತಾರೆ. ನಮ್ಮ ಅಂಗಡಿಗಳಲ್ಲಿ "ಎಷ್ಟು ಪ್ಲೈ (ಎಳೆ)" ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದನ್ನು ನಂಬಿ ಕೂರಬೇಡಿ. ಲೇಬಲ್ ಮೇಲೆ ಕಡ್ಡಿಯ ಅಳತೆ ಬರೆದಿದೆಯಾ ನೋಡಿ. 300 ಗ್ರಾಂ ಸಾಕಾಗಬಹುದು, ಆದರೆ 400 ಗ್ರಾಂ ತೆಗೆದುಕೊಳ್ಳಿ. ಕೇಬಲ್‌ಗೆ ಸಾದಾ ಹೆಣಿಗೆಗಿಂತ ದಾರ ಜಾಸ್ತಿ ಬೇಕು, ಮತ್ತೆ ಹೋದರೆ ಅದೇ ಬಣ್ಣ ಸಿಗುವುದಿಲ್ಲ. ಎಲ್ಲ ಉಂಡೆಗಳ ಲಾಟ್ ನಂಬರ್ ಒಂದೇ ಇರಲಿ.

ಅಕ್ರಿಲಿಕ್ಕಾ, ಉಣ್ಣೆಯಾ? ಲೂಧಿಯಾನದಿಂದ ಬರುವ ವರ್ಧಮಾನ್, ಓಸ್ವಾಲ್‌ನಂಥ ಬ್ರ್ಯಾಂಡ್‌ಗಳ ಅಕ್ರಿಲಿಕ್ ದಾರ ಎಲ್ಲ ಊರಲ್ಲೂ ಸಿಗುತ್ತದೆ. ಬೆಲೆ ಕಡಿಮೆ, ಮಷಿನ್‌ಗೆ ಹಾಕಿದರೂ ಏನೂ ಆಗುವುದಿಲ್ಲ. ದಿನಾ ಮಣ್ಣಲ್ಲಿ ಆಡುವ ಮಗುವಿಗೆ ಅದೇ ವಾಸಿ. ಒಳ್ಳೆಯ ಮೆರಿನೊ ಉಣ್ಣೆಯಲ್ಲಿ ಕೇಬಲ್ ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ, ಆದರೆ ಮಷಿನ್‌ನಲ್ಲಿ ಒಗೆಯಬಹುದು ಅಂತ ಲೇಬಲ್ ಮೇಲೆ ಬರೆದಿದ್ದರೆ ಮಾತ್ರ ತನ್ನಿ. ಬರೆದಿಲ್ಲದಿದ್ದರೆ ಒಂದೇ ಒಗೆತಕ್ಕೆ ಗೊಂಬೆಯ ಸ್ವೆಟರ್ ಆಗುತ್ತದೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಭೇಷ್, ಮಗುವಿನ ಕತ್ತಿಗೆ ಅಲ್ಲ. ಚುಚ್ಚುತ್ತದೆ.

ಇನ್ನೂ ದಪ್ಪ ದಾರ ತಂದರೆ ಬೇಗ ಮುಗಿಯುತ್ತದಲ್ವಾ ಅಂತ ಅನ್ನಿಸಬಹುದು. ಕೇಬಲ್ ಇರುವಲ್ಲಿ ಬಟ್ಟೆ ಒಂದರ ಮೇಲೊಂದು ಎರಡು ಪದರ ಆಗುತ್ತದೆ. ದಪ್ಪ ದಾರದಲ್ಲಿ ಅದು ಬೆಂಗಳೂರಿನ ಚಳಿಗೆ ಸೆಕೆ ಆಗುವಷ್ಟು. ಕೆನಡಾದಂಥ ಕಡೆಯೂ ಮಕ್ಕಳು ಮನೆಯೊಳಗೆ ಬೆಚ್ಚಗೇ ಇರುತ್ತಾರೆ, ಹೊರಗೆ ಹೋಗುವಾಗ ಮೇಲೊಂದು ಜಾಕೆಟ್ ಹಾಕುತ್ತಾರೆ. ಜಾಕೆಟ್ ಒಳಗೆ ದಪ್ಪ ಸ್ವೆಟರ್ ತೂರುವುದಿಲ್ಲ.

ಬಣ್ಣ ತಿಳಿಯಾಗಿರಲಿ, ಒಂದೇ ಬಣ್ಣವಾಗಿರಲಿ. ಕಪ್ಪು, ಗಾಢ ನೀಲಿಯಲ್ಲಿ ಅಷ್ಟು ಕಷ್ಟಪಟ್ಟ ಕೇಬಲ್ ಕಾಣುವುದೇ ಇಲ್ಲ. ಬಣ್ಣಬಣ್ಣದ ಮಿಶ್ರ ದಾರದಲ್ಲೂ ಅದೇ ಗತಿ. ಬಿಳಿ ಬೇಗ ಕೊಳೆಯಾಗುತ್ತದೆ. ಸಾಸಿವೆ ಬಣ್ಣ, ತಿಳಿ ಬೂದು, ಆಕಾಶನೀಲಿ ಒಳ್ಳೆಯದು.

ಕಡ್ಡಿ ಎರಡು ಜೊತೆ ಬೇಕು: 8 ನಂಬರ್, 10 ನಂಬರ್. ನಮ್ಮಲ್ಲಿ ಹಳೇ ಇಂಗ್ಲಿಷ್ ನಂಬರ್‌ಗಳು ಇನ್ನೂ ನಡೆಯುತ್ತವೆ. ಅದರಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ತೆಳು: 8 ಅಂದರೆ 4 ಮಿ.ಮೀ., 9 ಅಂದರೆ 3.75, 10 ಅಂದರೆ 3.25. ಅಮೆರಿಕದ ನಂಬರ್ ಪೂರ್ತಿ ತಿರುಗುಮುರುಗು. ಅಲ್ಲಿ 8 ಅಂದರೆ 5 ಮಿ.ಮೀ., ನಮಗೆ ಬೇಕಾದ 4 ಮಿ.ಮೀ. ಅಲ್ಲಿ 6. ಆದ್ದರಿಂದ ಮಿ.ಮೀ. ನೋಡಿಯೇ ಕೊಳ್ಳಿ.

ಇದರ ಜೊತೆ ಕೇಬಲ್ ತಿರುವಲು ಒಂದು ಗಿಡ್ಡ ಕಡ್ಡಿ. ನಡುವೆ ಬಾಗಿದ್ದು ಸಿಕ್ಕಿದರೆ ಸರಿ, ಇಲ್ಲವೇ ಕಾಲುಚೀಲ ಹೆಣೆಯುವ, ಎರಡೂ ಕಡೆ ಚೂಪಿರುವ ಕಡ್ಡಿ ಒಂದು ಸಾಕು. ಅದು ಹೆಣೆಯುವ ಕಡ್ಡಿಗಿಂತ ದಪ್ಪ ಇರಬಾರದು, ಕುಣಿಕೆ ಹಿಗ್ಗುತ್ತದೆ. ದೊಡ್ಡ ಕಣ್ಣಿನ ಮೊಂಡು ಸೂಜಿ, ಬೇರೆ ಬಣ್ಣದ ದಾರದ ತುಂಡುಗಳು, ಒಂದು ಚೌಕುಳಿ ಪುಸ್ತಕ, ಪೆನ್ಸಿಲ್.

ಸ್ಯಾಂಪಲ್ ತುಂಡು ಬಿಡಬೇಡಿ

ಎಲ್ಲರೂ ಹಾರಿಸುವ ಹಂತ ಇದು. 8 ನಂಬರ್ ಕಡ್ಡಿಯಲ್ಲಿ 30 ಕುಣಿಕೆ ಹಾಕಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಅಂತ 40 ಸಾಲು ಹೆಣೆಯಿರಿ. ಒಗೆದು ಒಣಗಿಸಿ. ನಡುವಿನ 10 ಸೆಂ.ಮೀ. ಒಳಗೆ ಎಷ್ಟು ಕುಣಿಕೆ ಇದೆ ಎಣಿಸಿ. ಅಡ್ಡಕ್ಕೆ 22, ಉದ್ದಕ್ಕೆ 30 ಸಾಲು ಬರಬೇಕು.

22 ಇರಬೇಕಾದಲ್ಲಿ 24 ಬಂದರೆ ಏನು ಮಹಾ ಅನ್ನಬೇಡಿ. ನಮ್ಮ 69 ಸೆಂ.ಮೀ. ಸ್ವೆಟರ್ ಆಗ 63ಕ್ಕೆ ಇಳಿಯುತ್ತದೆ. ಸಡಿಲ ಅರ್ಧಕ್ಕರ್ಧ ಹೋಯಿತು. 24 ಬಂದರೆ ನಿಮ್ಮ ಕೈ ಬಿಗಿ, 7 ನಂಬರ್ ಕಡ್ಡಿ ತಗೊಂಡು ಮತ್ತೆ ನೋಡಿ. 20 ಬಂದರೆ ಕೈ ಸಡಿಲ, 9 ನಂಬರ್ ತಗೊಳ್ಳಿ.

ಇನ್ನೊಂದು ತುಂಡು ಕೇಬಲ್‌ನದು. ನಮ್ಮ ನಡುವಿನ ಡಿಸೈನ್ ಪಟ್ಟಿ 29 ಕುಣಿಕೆಯದು. ಸಾದಾ ಹೆಣಿಗೆಯಲ್ಲಿ 29 ಕುಣಿಕೆ ಅಂದರೆ 13 ಸೆಂ.ಮೀ. ಅಗಲ. ಕೇಬಲ್ ಹಾಕಿದ ಮೇಲೆ ಅದೇ 29 ಕುಣಿಕೆ 11 ಸೆಂ.ಮೀ. ಆಸುಪಾಸಿಗೆ ಕುಗ್ಗುತ್ತದೆ. ಸುಮಾರು 5 ಕುಣಿಕೆಯಷ್ಟು ಅಗಲ ಮಾಯ. ಅದಕ್ಕೇ ಬಾರ್ಡರ್ ಮುಗಿದ ಕೂಡಲೇ 5 ಕುಣಿಕೆ ಹೆಚ್ಚಿಸುತ್ತೇವೆ. ಈ ಐದು ಎಲ್ಲಿಂದ ಬಂತು ಅಂತ ತಿಳಿದಿದ್ದರೆ ನಾಳೆ ನೀವೇ ಬೇರೆ ಡಿಸೈನ್ ಸೇರಿಸಿಕೊಳ್ಳಬಹುದು. ಕೈ ಬಿಗಿ ಇರುವವರಿಗೆ ಪಟ್ಟಿ 10 ಸೆಂ.ಮೀ.ಗೇ ಇಳಿಯಬಹುದು. ಹಾಗಾದರೆ ಅಕ್ಕಪಕ್ಕದ ಸಾದಾ ಭಾಗದಲ್ಲಿ ಒಂದೊಂದು ಕುಣಿಕೆ ಜಾಸ್ತಿ ಮಾಡಿಕೊಳ್ಳಿ.

ಕೇಬಲ್ ತಿರುವುವುದು

ಇಡೀ ಸ್ವೆಟರಿನಲ್ಲಿ ಇರುವುದು ಎರಡೇ ತಿರುವು.

ಮುಂದಿನ ತಿರುವು: ಮೂರು ಕುಣಿಕೆಯನ್ನು ಹೆಣೆಯದೆ ಗಿಡ್ಡ ಕಡ್ಡಿಗೆ ಜಾರಿಸಿ, ಅದನ್ನು ಕೆಲಸದ ಮುಂದೆ, ನಿಮ್ಮ ಕಡೆಗೆ ಬಿಡಿ. ಎಡ ಕಡ್ಡಿಯ ಮುಂದಿನ ಮೂರನ್ನು ಸೀದಾ ಹೆಣೆಯಿರಿ. ಆಮೇಲೆ ಗಿಡ್ಡ ಕಡ್ಡಿಯ ಮೂರನ್ನು ಸೀದಾ ಹೆಣೆಯಿರಿ. ಎಳೆ ಎಡಕ್ಕೆ ವಾಲುತ್ತದೆ.

ಹಿಂದಿನ ತಿರುವು: ಎಲ್ಲ ಅದೇ, ಗಿಡ್ಡ ಕಡ್ಡಿಯನ್ನು ಕೆಲಸದ ಹಿಂದೆ ಬಿಡಿ. ಎಳೆ ಬಲಕ್ಕೆ ವಾಲುತ್ತದೆ.

ಜಾರಿಸುವಾಗ ಕುಣಿಕೆ ತಿರುಚಿಕೊಳ್ಳಬಾರದು. ಉಲ್ಟಾ ಹೆಣೆಯಲು ಹೋಗುವಂತೆ ಗಿಡ್ಡ ಕಡ್ಡಿಯನ್ನು ಬಲಗಡೆಯಿಂದ ತೂರಿಸಿ ಎತ್ತಿಕೊಳ್ಳಿ. ಮೊದಲ ಸಲ ಮಾಡುವಾಗ ಕೈ ತಡವರಿಸುತ್ತದೆ. ಗಿಡ್ಡ ಕಡ್ಡಿ ನೇತಾಡುತ್ತದೆ, ನಾಲ್ಕನೇ ಕುಣಿಕೆ ತುಂಬ ದೂರ ಇದೆ ಅನ್ನಿಸುತ್ತದೆ. ಎಡಗೈ ಹೆಬ್ಬೆರಳಿನಿಂದ ಗಿಡ್ಡ ಕಡ್ಡಿಯನ್ನು ಬಟ್ಟೆಗೆ ಒತ್ತಿ ಹಿಡಿದು, ನಾಲ್ಕನೇ ಕುಣಿಕೆಯನ್ನು ಎಡ ಕಡ್ಡಿಯ ತುದಿಗೆ ತಂದುಕೊಳ್ಳಿ. ಅದನ್ನು ಹೆಣೆದ ಮೇಲೆ ದಾರವನ್ನು ಒಂದು ಸಲ ಬಿಗಿಯಾಗಿ ಎಳೆಯಿರಿ. ಎಳೆಯದಿದ್ದರೆ ಅಲ್ಲೊಂದು ತೂತು ಉಳಿಯುತ್ತದೆ. ಹಾಗೇ ಕೇಬಲ್ ಮುಗಿದ ಮೇಲೆ ಬರುವ ಮೊದಲ ಉಲ್ಟಾ ಕುಣಿಕೆಯನ್ನೂ ಬಿಗಿ ಮಾಡಿ. ಕೇಬಲ್ಲಿನ ಎಡ ಅಂಚು ಸಡಿಲವಾಗಿ ಜೋಲುವುದು ಆಗ ನಿಲ್ಲುತ್ತದೆ.

ನಡುವಿನ 9 ಕುಣಿಕೆಯದು ಮೂರೆಳೆಯ ಜಡೆ. ತಲೆ ಬಾಚಿ ಜಡೆ ಹಾಕುವಾಗ ಎಡದ ಎಳೆ ನಡುವಿನದರ ಮೇಲೆ, ಆಮೇಲೆ ಬಲದ ಎಳೆ ನಡುವಿನದರ ಮೇಲೆ ಬರುತ್ತದಲ್ಲ, ಇದೂ ಹಾಗೇ: ಒಮ್ಮೆ ಮೊದಲ ಆರಕ್ಕೆ ಮುಂದಿನ ತಿರುವು, ಇನ್ನೊಮ್ಮೆ ಕೊನೆಯ ಆರಕ್ಕೆ ಹಿಂದಿನ ತಿರುವು. ಅದರ ಎರಡೂ ಪಕ್ಕ 6 ಕುಣಿಕೆಯ ಹಗ್ಗದ ಕೇಬಲ್. ಬಲಗಡೆಯದಕ್ಕೆ ಹಿಂದಿನ ತಿರುವು, ಎಡಗಡೆಯದಕ್ಕೆ ಮುಂದಿನ ತಿರುವು, ಒಂದಕ್ಕೊಂದು ಎದುರುಬದುರು ಕಾಣಲಿ ಅಂತ.

ಇಂಥ ಸ್ವೆಟರಿಗೆ ಅರಾನ್ ಅನ್ನುವ ಹೆಸರು ಬಂದದ್ದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಅರಾನ್ ದ್ವೀಪಗಳಿಂದ. ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕೇಬಲ್ ಇತ್ತು, ಸಮುದ್ರದಲ್ಲಿ ಮುಳುಗಿದವರನ್ನು ಸ್ವೆಟರ್ ನೋಡಿ ಗುರುತಿಸುತ್ತಿದ್ದರು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತಿದೆ. ಅದು ಬರೀ ಕಥೆ. ಆ ಸ್ವೆಟರ್ ಈಗಿನ ರೂಪಕ್ಕೆ ಬಂದದ್ದೇ 20ನೇ ಶತಮಾನದ ಮೊದಲ ದಶಕಗಳಲ್ಲಿ. ಹಾಗಾಗಿ ಕೇಬಲ್‌ಗಳನ್ನು ನಿಮ್ಮಿಷ್ಟದಂತೆ ಅದಲುಬದಲು ಮಾಡಿದರೆ ಯಾವ ಮನೆತನಕ್ಕೂ ಬೇಜಾರಿಲ್ಲ.

ಹಿಂಭಾಗ

10 ನಂಬರ್ ಕಡ್ಡಿಗೆ 78 ಕುಣಿಕೆ ಹಾಕಿ. ಸಡಿಲವಾಗಿ ಹಾಕಿ, ಅಂಚು ಹಿಗ್ಗಬೇಕು.

ಬಾರ್ಡರ್‌ನ ಮುಂಬದಿ ಸಾಲು (ಹೊರಮೈ ನಿಮ್ಮ ಕಡೆಗಿರುವಾಗ ಹೆಣೆಯುವುದು): 2 ಸೀದಾ, ಆಮೇಲೆ (2 ಉಲ್ಟಾ, 2 ಸೀದಾ) ಕೊನೆಯವರೆಗೆ. ಹಿಂಬದಿ ಸಾಲು: 2 ಉಲ್ಟಾ, ಆಮೇಲೆ (2 ಸೀದಾ, 2 ಉಲ್ಟಾ) ಕೊನೆಯವರೆಗೆ. 5 ಸೆಂ.ಮೀ. ಆಗುವವರೆಗೆ ಹೆಣೆಯಿರಿ, ಕೊನೆಯ ಸಾಲು ಹಿಂಬದಿಯದಾಗಿರಲಿ.

ಆ ಕೊನೆಯ ಸಾಲಿನಲ್ಲೇ ಐದು ಹೆಚ್ಚಿಸಬೇಕು: ಬಾರ್ಡರ್ ಕ್ರಮದಲ್ಲಿ 27 ಕುಣಿಕೆ ಹೆಣೆಯಿರಿ. ನಂತರ (4 ಕುಣಿಕೆ ಹೆಣೆದು 1 ಹೆಚ್ಚಿಸಿ) ಐದು ಸಲ. ಮತ್ತೆ 4 ಕುಣಿಕೆ, ಉಳಿದ 27. ಈಗ ಒಟ್ಟು 83. ಹೆಚ್ಚಿಸುವುದಕ್ಕೆ ಎರಡು ಕುಣಿಕೆಯ ನಡುವಿನ ಅಡ್ಡ ದಾರವನ್ನು ಎಡ ಕಡ್ಡಿಗೆ ಎತ್ತಿಕೊಂಡು, ಅದರ ಹಿಂದಿನ ಕಾಲಿಗೆ ಕಡ್ಡಿ ತೂರಿಸಿ ಹೆಣೆಯಿರಿ. ಹಾಗೆ ತಿರುಚಿದರೆ ತೂತು ಬೀಳುವುದಿಲ್ಲ.

8 ನಂಬರ್ ಕಡ್ಡಿಗೆ ಬದಲಿಸಿ. ಇಲ್ಲಿಂದ 8 ಸಾಲಿನ ಒಂದೊಂದು ಸುತ್ತು:

1ನೇ ಸಾಲು: ಸೀದಾ 27, ಉಲ್ಟಾ 2, ಸೀದಾ 6, ಉಲ್ಟಾ 2, ಸೀದಾ 9, ಉಲ್ಟಾ 2, ಸೀದಾ 6, ಉಲ್ಟಾ 2, ಸೀದಾ 27.

2ನೇ ಸಾಲು, ಮತ್ತು ಹಿಂಬದಿಯ ಎಲ್ಲ ಸಾಲು: ಉಲ್ಟಾ 27, ಸೀದಾ 2, ಉಲ್ಟಾ 6, ಸೀದಾ 2, ಉಲ್ಟಾ 9, ಸೀದಾ 2, ಉಲ್ಟಾ 6, ಸೀದಾ 2, ಉಲ್ಟಾ 27.

3ನೇ ಸಾಲು: ಸೀದಾ 27, ಉಲ್ಟಾ 2, 6ಕ್ಕೆ ಹಿಂದಿನ ತಿರುವು, ಉಲ್ಟಾ 2, 6ಕ್ಕೆ ಮುಂದಿನ ತಿರುವು, ಸೀದಾ 3, ಉಲ್ಟಾ 2, 6ಕ್ಕೆ ಮುಂದಿನ ತಿರುವು, ಉಲ್ಟಾ 2, ಸೀದಾ 27.

5ನೇ ಸಾಲು: 1ನೇ ಸಾಲಿನಂತೆ.

7ನೇ ಸಾಲು: ಸೀದಾ 27, ಉಲ್ಟಾ 2, ಸೀದಾ 6, ಉಲ್ಟಾ 2, ಸೀದಾ 3, 6ಕ್ಕೆ ಹಿಂದಿನ ತಿರುವು, ಉಲ್ಟಾ 2, ಸೀದಾ 6, ಉಲ್ಟಾ 2, ಸೀದಾ 27.

8ನೇ ಸಾಲು: 2ನೇ ಸಾಲಿನಂತೆ.

ಅಂದರೆ 3ರಲ್ಲಿ ಮೂರು ಕಡೆ ತಿರುವು, 7ರಲ್ಲಿ ನಡುವೆ ಮಾತ್ರ. ಮಿಕ್ಕ ಸಾಲುಗಳಲ್ಲಿ ಕಣ್ಣಿಗೆ ಕಾಣುವಂತೆ ಹೆಣೆದುಕೊಂಡು ಹೋಗುವುದು. ಪಟ್ಟಿಯ ಎರಡೂ ತುದಿಗೆ, ಅಂದರೆ 27 ಕುಣಿಕೆ ಮುಗಿದಲ್ಲಿ, ಬೇರೆ ಬಣ್ಣದ ದಾರದ ಉಂಗುರ ಹಾಕಿಕೊಳ್ಳಿ. ಪ್ರತಿ ಸಲ ಎಣಿಸುವುದು ತಪ್ಪುತ್ತದೆ. ಚೌಕುಳಿ ಪುಸ್ತಕದಲ್ಲಿ ಸಾಲು ಮುಗಿದ ಹಾಗೆಲ್ಲ ಒಂದು ಗೀಟು ಎಳೆಯಿರಿ. ಟಿವಿ ನೋಡುತ್ತಾ ಹೆಣೆಯುವವರಿಗಂತೂ ಇದು ಬೇಕೇ ಬೇಕು.

ಗೀಟು ಎಳೆಯುವುದು ಮರೆತು ಎಲ್ಲಿದ್ದೀರಿ ಅಂತ ಗೊತ್ತಾಗದಿದ್ದರೆ ಬಟ್ಟೆಯನ್ನೇ ಓದಬಹುದು. ಹಗ್ಗದ ಕೇಬಲ್ ತಿರುವಿದ ಜಾಗದ ಪಕ್ಕ, ಉಲ್ಟಾ ಕುಣಿಕೆಯ ಕಡೆಯಿಂದ ಬೆರಳು ತೂರಿಸಿ. ದಾಟಿ ಹೋದ ಎಳೆಯ ಕೆಳಗೆ ಒಂದು ಕಿಂಡಿ ಸಿಗುತ್ತದೆ. ಆ ಕಿಂಡಿಯಲ್ಲಿ ಅಡ್ಡಡ್ಡ ದಾರಗಳು ಏಣಿಯ ಮೆಟ್ಟಿಲಿನ ಹಾಗೆ ಕಾಣುತ್ತವೆ. ಕಿಂಡಿಯ ತಳದ ಮೆಟ್ಟಿಲು ತಿರುವಿನ ಸಾಲಿನದು. ಅದರ ಮೇಲಿನದರಿಂದ ಕಡ್ಡಿಯವರೆಗೆ ಎಣಿಸಿ. ಏಳು ಮೆಟ್ಟಿಲು ಇದ್ದರೆ ಈಗ ಹೆಣೆಯಬೇಕಾದದ್ದು ಮತ್ತೆ ತಿರುವಿನ ಸಾಲು.

ಇಂಥ ಏಳು ಸುತ್ತು, ಅಂದರೆ 56 ಸಾಲು ಆದಾಗ ಬಾರ್ಡರ್ ಸೇರಿ ಸುಮಾರು 24 ಸೆಂ.ಮೀ. ಉದ್ದ ಬಂದಿರುತ್ತದೆ. ಈಗ ಕಂಕುಳ. ಮುಂದಿನ ಎರಡು ಸಾಲುಗಳ ಶುರುವಿನಲ್ಲಿ 6 ಕುಣಿಕೆ ಮುಚ್ಚಿ. 71 ಉಳಿಯುತ್ತದೆ. ಪಟ್ಟಿಯ ಅಕ್ಕಪಕ್ಕ ಈಗ 21-21. ಆ ಎರಡು ಸಾಲನ್ನೂ ಲೆಕ್ಕಕ್ಕೆ ಸೇರಿಸಿ ಇನ್ನೂ ಆರು ಸುತ್ತು, 48 ಸಾಲು, ನೆಟ್ಟಗೆ ಹೆಣೆಯಿರಿ.

ಕೊನೆಯಲ್ಲಿ 18 ಕುಣಿಕೆ ಮುಚ್ಚಿ. ಅದು ಭುಜ. ನಡುವಿನ 35ನ್ನು ಬೇರೆ ದಾರಕ್ಕೆ ಪೋಣಿಸಿಡಿ. ಉಳಿದ 18 ಮುಚ್ಚಿ.

ಒಂದು ತಿರುವು ತಪ್ಪಾದರೆ

ಹತ್ತಿಪ್ಪತ್ತು ಸಾಲು ಆದ ಮೇಲೆ ಕೆಳಗೆಲ್ಲೋ ಒಂದು ಕೇಬಲ್ ಉಲ್ಟಾ ತಿರುಗಿರುವುದು ಕಣ್ಣಿಗೆ ಬೀಳುತ್ತದೆ. ಎಲ್ಲರಿಗೂ ಆಗುವುದೇ. ಇಡೀ ಸಾಲು ಬಿಚ್ಚಬೇಕಾಗಿಲ್ಲ. ಆ ಕೇಬಲ್ಲಿನ 6 ಕುಣಿಕೆಯವರೆಗೆ ಹೆಣೆದು ನಿಲ್ಲಿ. ಆ ಆರನ್ನು ಮಾತ್ರ ಕಡ್ಡಿಯಿಂದ ಬಿಟ್ಟು, ತಪ್ಪಾದ ತಿರುವಿನ ಕೆಳಗಿನ ಸಾಲಿನವರೆಗೆ ಬಿಚ್ಚಿಕೊಂಡು ಹೋಗಿ. ಬಿಚ್ಚಿದ ಪ್ರತಿ ಸಾಲಿಗೂ ಒಂದೊಂದು ದಾರದ ಬಳುಕು ಉಳಿಯುತ್ತದೆ. ಕೆಳಗಿನ ಆರು ಕುಣಿಕೆಯನ್ನು ಗಿಡ್ಡ ಕಡ್ಡಿಗೆ ಹಿಡಿದು, ಸರಿಯಾದ ಕಡೆಗೆ ತಿರುವಿ, ಅದೇ ಬಳುಕುಗಳನ್ನು ಕೆಳಗಿನಿಂದ ಒಂದೊಂದಾಗಿ ತೆಗೆದುಕೊಂಡು ಮತ್ತೆ ಮೇಲಕ್ಕೆ ಹೆಣೆಯಿರಿ. ಎರಡೂ ಕಡೆ ಚೂಪಿರುವ ಎರಡು ಕಡ್ಡಿ ಇದ್ದರೆ ಬಟ್ಟೆ ತಿರುಗಿಸದೆ ಪ್ರತಿ ಸಾಲನ್ನೂ ಮುಂಬದಿಯಿಂದಲೇ ಸೀದಾ ಹೆಣೆಯಬಹುದು. ಎದೆ ಡವಡವ ಅನ್ನುತ್ತದೆ, ಆದರೆ ಹತ್ತು ನಿಮಿಷದ ಕೆಲಸ. ಬಾರ್ಡರ್ ಹತ್ತಿರದ ಒಂದು ತಿರುವು ತಪ್ಪಾಗಿ, ಸ್ವೆಟರ್ ಮುಗಿದ ಮೇಲೆ ಗೊತ್ತಾದರೆ ಸುಮ್ನೆ ಬಿಟ್ಟುಬಿಡಿ. ಓಡಾಡುವ ಮಗುವಿನ ಮೈಮೇಲೆ ಯಾರೂ ಎಣಿಸುವುದಿಲ್ಲ.

ಮುಂಭಾಗ

ಕಂಕುಳದವರೆಗೆ ಹಿಂಭಾಗದ ಹಾಗೇ. 6-6 ಮುಚ್ಚಿದ ಸಾಲುಗಳಿಂದ ಶುರುಮಾಡಿ 30 ಸಾಲು ಎಣಿಸಿ. 31ನೇ ಸಾಲಿನಲ್ಲಿ ಕತ್ತು ಬೇರೆಯಾಗುತ್ತದೆ.

26 ಕುಣಿಕೆ ಹೆಣೆದು, ಮುಂದಿನ 19ನ್ನು ಹೆಣೆಯದೆ ದಾರಕ್ಕೆ ಪೋಣಿಸಿ, ಉಳಿದ 26ನ್ನು ಇನ್ನೊಂದು ದಾರಕ್ಕೆ ಪೋಣಿಸಿಡಿ. ಮೊದಲ 26ಕ್ಕೆ ತಿರುಗಿ ಬನ್ನಿ. ಹಿಂಬದಿ ಸಾಲು ಮುಗಿಸಿ. ಅಲ್ಲಿಂದ ಪ್ರತಿ ಮುಂಬದಿ ಸಾಲಿನ ಕತ್ತಿನ ತುದಿಯಲ್ಲಿ 1 ಕಡಿಮೆ ಮಾಡಿ: ಕೊನೆಯ 3 ಕುಣಿಕೆ ಉಳಿದಾಗ ಎರಡನ್ನು ಕೂಡಿಸಿ ಸೀದಾ, 1 ಸೀದಾ. ಎಂಟು ಸಲ ಮಾಡಿದರೆ 18 ಉಳಿಯುತ್ತದೆ. ಒಂದು ಹಿಂಬದಿ ಸಾಲು ಹೆಣೆದು 18ನ್ನೂ ಮುಚ್ಚಿ. ಒಟ್ಟು 18 ಸಾಲು ಆಯಿತು, ಹಿಂಭಾಗದ ಎತ್ತರಕ್ಕೆ ಸರಿ ಹೊಂದುತ್ತದೆ.

ಇನ್ನೊಂದು ಬದಿಗೆ ಕತ್ತಿನ ಕಡೆಯಿಂದ ಹೊಸ ದಾರ ಸೇರಿಸಿ. ಇಲ್ಲಿ ಕಡಿಮೆ ಮಾಡುವುದು ಸಾಲಿನ ಶುರುವಿನಲ್ಲಿ: 1 ಸೀದಾ, ಎರಡನ್ನು ಹಿಂದಿನ ಕಾಲುಗಳಿಂದ ಕೂಡಿಸಿ ಸೀದಾ.

ಕತ್ತು ಬೇರೆಯಾದಾಗ ಹಗ್ಗದ ಕೇಬಲ್ ಅರ್ಧಕ್ಕೆ ಕತ್ತರಿಸಿ ಹೋಗಿ, ಎರಡೂ ಬದಿಯಲ್ಲಿ ಮೂರು ಮೂರು ಕುಣಿಕೆ ಉಳಿಯುತ್ತದೆ. ಅವನ್ನು ತಿರುವಲು ಹೋಗಬೇಡಿ. ಸೀದಾ ಹೆಣೆಯುತ್ತಾ ಹೋಗಿ, ಕಡಿಮೆ ಮಾಡುವುದರಲ್ಲೇ ಕರಗಿಹೋಗುತ್ತವೆ.

ತೋಳು, ಎರಡು

10 ನಂಬರಿಗೆ 42 ಕುಣಿಕೆ, 5 ಸೆಂ.ಮೀ. ಬಾರ್ಡರ್. ಕೊನೆಯ ಹಿಂಬದಿ ಸಾಲಿನಲ್ಲಿ ನಡುವಿನ 10 ಕುಣಿಕೆಯೊಳಗೆ ಮೂರು ಹೆಚ್ಚಿಸಿ. 45 ಆಯಿತು. 8 ನಂಬರಿಗೆ ಬದಲಿಸಿ. ಕ್ರಮ ಹೀಗೆ: ಸೀದಾ 16, ಉಲ್ಟಾ 2, ಜಡೆ 9, ಉಲ್ಟಾ 2, ಸೀದಾ 16. ಜಡೆಯ ತಿರುವು ಮೈಯದರಂತೆಯೇ 3 ಮತ್ತು 7ನೇ ಸಾಲಿಗೆ.

5ನೇ ಸಾಲಿನಲ್ಲಿ ಎರಡೂ ತುದಿಗೆ, ಅಂಚಿನಿಂದ ಒಂದು ಕುಣಿಕೆ ಒಳಗೆ, 1 ಹೆಚ್ಚಿಸಿ. ಆಮೇಲೆ ಪ್ರತಿ 4ನೇ ಸಾಲಿಗೆ ಹೀಗೇ, ಒಟ್ಟು 14 ಸಲ. 73 ಕುಣಿಕೆ ಆಗುತ್ತದೆ. ಆಮೇಲೆ ನೆಟ್ಟಗೆ. ಬಾರ್ಡರ್ ಬಿಟ್ಟು 9 ಸುತ್ತು (72 ಸಾಲು) ಮುಗಿದಾಗ ಎರಡೂ ಅಂಚಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಇನ್ನೊಂದು ಸುತ್ತು, 8 ಸಾಲು, ಹೆಣೆದು ಸಡಿಲವಾಗಿ ಎಲ್ಲ ಮುಚ್ಚಿ. ಈ ಕೊನೆಯ 8 ಸಾಲು ಕಂಕುಳಲ್ಲಿ ಮುಚ್ಚಿದ 6 ಕುಣಿಕೆಗೆ ಕೂರುವ ಭಾಗ.

ಎರಡು ತೋಳನ್ನೂ ಒಂದೇ ಕಡ್ಡಿಯಲ್ಲಿ, ಎರಡು ಉಂಡೆಯಿಂದ, ಜೊತೆಜೊತೆಗೆ ಹೆಣೆಯುವುದು ನನಗಿಷ್ಟ. ಒಂದು ಉದ್ದ ಒಂದು ಗಿಡ್ಡ ಆಗುವ ಚಿಂತೆಯೇ ಇಲ್ಲ. ದಾರ ಸಿಕ್ಕಾಗುತ್ತದೆ, ಅದನ್ನು ಸಹಿಸಬೇಕು.

ಕತ್ತು

ಬಲ ಭುಜವನ್ನು ಮಾತ್ರ ಹೊಲಿಯಿರಿ. ಬಲ ಅಂದರೆ ಹಾಕಿಕೊಂಡವರ ಬಲ. 10 ನಂಬರ್ ಕಡ್ಡಿಯಿಂದ, ಮುಂಬದಿ ನಿಮ್ಮ ಕಡೆಗಿರುವಂತೆ, ಎಡ ಭುಜದ ಮುಂಭಾಗದಿಂದ ಶುರುಮಾಡಿ: ಕತ್ತಿನ ಇಳಿಜಾರಿನಲ್ಲಿ 15 ಕುಣಿಕೆ ಎತ್ತಿಕೊಳ್ಳಿ. ದಾರದಲ್ಲಿದ್ದ 19ನ್ನು ಹೆಣೆಯುವಾಗ ಜಡೆಯಲ್ಲಿ ಎರಡು ಕಡೆ ಎರಡೆರಡು ಕೂಡಿಸಿ 17 ಮಾಡಿ. ಆ ಕಡೆಯ ಏರಿನಲ್ಲಿ 15. ಹಿಂಭಾಗದ 35ನ್ನು 31 ಮಾಡಿ, ಒಂದೊಂದು ಹಗ್ಗದಲ್ಲಿ ಒಂದು, ಜಡೆಯಲ್ಲಿ ಎರಡು ಕೂಡಿಸಿ. ಒಟ್ಟು 78. ಕೂಡಿಸದೆ ಬಿಟ್ಟರೆ ಕೇಬಲ್ಲಿನ ಕುಣಿಕೆಗಳು ಕತ್ತಿನ ಹತ್ತಿರ ಅಲೆಅಲೆಯಾಗಿ ಎದ್ದು ನಿಲ್ಲುತ್ತವೆ.

ಮೊದಲ ಸಾಲು ಹಿಂಬದಿಯದು. ಬಾರ್ಡರ್ ಕ್ರಮದಲ್ಲೇ 3 ಸೆಂ.ಮೀ. ಹೆಣೆಯಿರಿ. ಮುಚ್ಚುವಾಗ ಬಲಗೈಗೆ 8 ನಂಬರ್ ಕಡ್ಡಿ ತಗೊಂಡು, ಸೀದಾದ ಮೇಲೆ ಸೀದಾ, ಉಲ್ಟಾದ ಮೇಲೆ ಉಲ್ಟಾ ಹೆಣೆದು, ಬೇಕಂತಲೇ ಸಡಿಲವಾಗಿ ಮುಚ್ಚಿ. ಇಲ್ಲಿ ಕೈ ಬಿಗಿಯಾದರೆ ಇಷ್ಟು ದಿನದ ಕೆಲಸ ಮಗುವಿನ ಹಣೆಯಲ್ಲೇ ನಿಲ್ಲುತ್ತದೆ. ಎಡ ಭುಜ ಮತ್ತು ಕತ್ತಿನ ಪಟ್ಟಿಯನ್ನು ಪಿನ್ನು ಹಾಕಿ ಜೋಡಿಸಿ, ತೆರಪನ್ನು ಎರಡೂ ಕೈಯಲ್ಲಿ ಎಳೆದು ಟೇಪು ಹಿಡಿಯಿರಿ. ತಲೆಯ ಸುತ್ತಳತೆಯಷ್ಟು ಸಲೀಸಾಗಿ ಹಿಗ್ಗಬೇಕು.

ಹಿಗ್ಗದಿದ್ದರೆ, ಅಥವಾ ಮಗುವಿಗೆ ತಲೆಯ ಮೇಲಿಂದ ಹಾಕಿಸಿಕೊಳ್ಳುವುದೇ ಆಗದಿದ್ದರೆ, ಎಡ ಭುಜ ಹೊಲಿಯಬೇಡಿ. ಹಿಂಭಾಗದ ಎಡ ಭುಜ ಮತ್ತು ಪಟ್ಟಿಯ ಅಂಚಿನಿಂದ ಕುಣಿಕೆ ಎತ್ತಿಕೊಂಡು 6 ಸಾಲು ಹೆಣೆದು ಮುಚ್ಚಿ. ಅದು ಒಳಗೆ ಕೂರುವ ಪಟ್ಟಿ, ಅದರ ಮೇಲೆ ಮೂರು ಗುಂಡಿ. ಮುಂಭಾಗದ ಅಂಚಿಗೆ ಕ್ರೋಶಾದಲ್ಲಿ ಮೂರು ಕಾಜಾ ಕುಣಿಕೆ. ಸಣ್ಣ ಮಕ್ಕಳು ಗುಂಡಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಉಲ್ಲನ್ನಿನಲ್ಲಿ ಅಲ್ಲ, ಗಟ್ಟಿ ಹೊಲಿಗೆ ದಾರದಲ್ಲಿ ಹೊಲಿಯಿರಿ.

ಜೋಡಿಸುವುದು, ಒಗೆಯುವುದು

ಹೊಲಿಯುವ ಮೊದಲೇ ತುಂಡುಗಳನ್ನು ಒದ್ದೆ ಮಾಡಿ, ಟವೆಲ್ಲಿನಲ್ಲಿ ಸುತ್ತಿ ನೀರು ಹಿಂಡಿ, ಚಾಪೆಯ ಮೇಲೆ ಅಳತೆಗೆ ಸರಿಯಾಗಿ ಹರಡಿ ನೆರಳಲ್ಲಿ ಒಣಗಿಸಿ. ಅಕ್ರಿಲಿಕ್‌ಗೆ ಇಸ್ತ್ರಿ ಪೆಟ್ಟಿಗೆ ತಾಗಿಸಲೇಬೇಡಿ. ಶಾಖಕ್ಕೆ ನೂಲು ಸತ್ತು, ಕೇಬಲ್ ಚಪ್ಪಟೆಯಾಗುತ್ತದೆ, ಮತ್ತೆ ಏಳುವುದಿಲ್ಲ.

ಮೊದಲು ಎಡ ಭುಜ. ನಂತರ ತೋಳಿನ ಮೇಲಂಚಿನ ನಡುವನ್ನು ಭುಜದ ಹೊಲಿಗೆಗೆ ಪಿನ್ನು ಮಾಡಿ, ಎರಡೂ ಕಡೆಗೆ ಕಂಕುಳವರೆಗೆ ಹೊಲಿಯಿರಿ. ಬಣ್ಣದ ಗುರುತಿನ ಮೇಲಿನ 8 ಸಾಲನ್ನು ಮುಚ್ಚಿದ 6 ಕುಣಿಕೆಗೆ ಕೂರಿಸಿ. ಕೊನೆಗೆ ತೋಳಿನ ಬಾರ್ಡರಿನಿಂದ ಕಂಕುಳವರೆಗೆ, ಅಲ್ಲಿಂದ ಮೈಯ ಬಾರ್ಡರಿನವರೆಗೆ ಒಂದೇ ಓಟದ ಹೊಲಿಗೆ. ಮುಂಬದಿಯಿಂದಲೇ ಹೊಲಿಯಿರಿ: ಅಂಚಿನ ಕುಣಿಕೆ ಮತ್ತು ಅದರ ಪಕ್ಕದ ಕುಣಿಕೆಯ ನಡುವಿನ ಅಡ್ಡ ದಾರವನ್ನು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಸೂಜಿಯಲ್ಲಿ ಎತ್ತಿಕೊಂಡು ಹೋಗಿ, ಆಗಾಗ ದಾರ ಎಳೆಯಿರಿ. ಹೊಲಿಗೆ ಕಾಣುವುದೇ ಇಲ್ಲ.

ಬೇರೆ ವಯಸ್ಸಿಗೆ ಬೇಕಾದರೆ 29ರ ಪಟ್ಟಿ ಮುಟ್ಟಬೇಡಿ, ಪಕ್ಕದ ಸಾದಾ ಭಾಗ ಬದಲಿಸಿ. ಎರಡು ವರ್ಷಕ್ಕೆ 70 ಹಾಕಿ 75 ಮಾಡಿ, ಪಕ್ಕದಲ್ಲಿ 23-23. ಭುಜ 15, ಕತ್ತು 33, ಮುಂದಿನ ಕತ್ತಿನಲ್ಲಿ ಏಳು ಸಲ ಕಡಿಮೆ ಮಾಡಿ. 6-7 ವರ್ಷಕ್ಕೆ 86 ಹಾಕಿ 91 ಮಾಡಿ, ಪಕ್ಕದಲ್ಲಿ 31-31. ಭುಜ 21, ಕತ್ತು 37, ಒಂಬತ್ತು ಸಲ ಕಡಿಮೆ ಮಾಡಿ. ಉದ್ದಗಳನ್ನು ಮಗುವಿನ ಹಳೇ ಸ್ವೆಟರ್ ನೋಡಿ ಹೊಂದಿಸಿ.

ಉಳಿದ ದಾರವನ್ನು ಲೇಬಲ್ ಸಮೇತ ಎತ್ತಿಡಿ. ಮಕ್ಕಳ ಮೈಗಿಂತ ಮೊದಲು ಕೈ ಉದ್ದವಾಗುತ್ತದೆ. ಮುಂದಿನ ಚಳಿಗೆ ತೋಳು ಗಿಡ್ಡ ಆದರೆ, ಬಾರ್ಡರಿನ ಮೇಲಿನ ಸಾಲಿನಲ್ಲಿ ಒಂದು ಕುಣಿಕೆ ಕತ್ತರಿಸಿ ಆ ಸಾಲಿನ ದಾರ ಎಳೆದರೆ ಬಾರ್ಡರ್ ಬೇರೆಯಾಗುತ್ತದೆ. ತೆರೆದ 45 ಕುಣಿಕೆಯನ್ನು ಕಡ್ಡಿಗೆ ತಗೊಂಡು, 42ಕ್ಕೆ ಇಳಿಸಿ, ಕೆಳಮುಖವಾಗಿ 9 ಸೆಂ.ಮೀ. ಹೊಸ ಬಾರ್ಡರ್ ಹೆಣೆಯಿರಿ. ಮಡಚಿದರೆ ಈ ವರ್ಷಕ್ಕೆ, ಬಿಚ್ಚಿದರೆ ಅದರ ಮುಂದಿನ ವರ್ಷಕ್ಕೆ.